ಹದಿಮೂರು ಇಂಚು

ಕೊಪ್ಪಿಕರ್ ರೋಡಿನ ಅಂಗಡಿಯೊಳಗ
ಎರಡು ಲ್ಯಾಪ್‌ಟಾಪು ತಗದು ಮುಂದಿಟ್ಟ ತೌಫೀಕ.
ಅಳತಿ ಎರಡೂ ಒಂದ, ಹದಿಮೂರು ಇಂಚು,
ರೊಟ್ಟಿ ಬಡಿಯೂ ಪರಾತಕ್ಕಿಂತ ಸಣ್ಣದು.
ಒಂದರಾಗ ಚುಕ್ಕಿ ಇಪ್ಪತ್ತು ಲಕ್ಷ,
ಇನ್ನೊಂದರಾಗ ಎಂಬತ್ತು.
ನಡುವಿನ ರೊಕ್ಕ ಹದಿನೆಂಟು ಸಾವಿರ.

‘ಸುಳ್ಳ ಹೇಳಂಗಿಲ್ರೀ ಅಕ್ಕಾರ,’ ಅಂದ,
‘ಇಷ್ಟ ಸಣ್ಣ ಸ್ಕ್ರೀನಿಗೆ ಅಷ್ಟ ಚುಕ್ಕಿ ದಂಡ.
ಹಂಗ ಬಿಟ್ರ ಅಕ್ಷರ ಸಾಸಿವಿ ಆಗತಾವ,
ಎರಡು ಪಟ್ಟು ದೊಡ್ಡದು ಮಾಡಿಕೊಂಡ ಓದಬೇಕು,
ದೊಡ್ಡದು ಮಾಡಿದ ಮ್ಯಾಲ ಜಾಗ ಅಷ್ಟಕ್ಕಷ್ಟ.
ಮ್ಯಾಲ ಬ್ಯಾಟರಿ ಎರಡು ತಾಸು ಮೊದಲ ಮಲಗತೈತಿ.’
ಮಾರಾವನ ಬಾಯಾಗ ಬ್ಯಾಡ ಅನ್ನೂ ಮಾತು
ನಾ ಹುಬ್ಬಳ್ಳ್ಯಾಗ ಕೇಳಿದ್ದು ಅದ ಮೊದಲು.

ಅವಗ ಹ್ಯಾಂಗ ಹೇಳಲಿ,
ಗದಗಿನ ನಮ್ಮ ಓಣ್ಯಾಗ ಇಪ್ಪತ್ತೆರಡು ವರ್ಷದಿಂದ
ನಾ ಮಾಡೂದು ಕಾಲಬುಡದ ಕೆಲಸ ಅಂತ.
ತಲಿಕಟ್ಟು ಯಾರಿಗೂ ಕಾಣತೈತಿ.
ನನ್ನ ಹೊಟ್ಟಿಪಾಡು ಇರೂದು ಒತ್ತಿನ್ಯಾಗ,
ಅಕ್ಷರಕ್ಕ ಜೋತುಬಿದ್ದ ಅಕ್ಷರದಾಗ.
ದಾರಿದ್ರ್ಯ ಅಂತ ಹೊಡದ್ರ
ಹಳೇ ಸ್ಕ್ರೀನಿನ್ಯಾಗ ಅದರ ಬುಡಕ್ಕ
ಇರಿವಿ ಗುಂಪುಗೂಡಿ ಸಕ್ಕರಿ ಎಳದಂಗ.

ದ ಕೆಳಗೊಂದು ಗೀರು ಎಳದ್ರ ಧ.
ಗೀರು ಒಂದು ಚುಕ್ಕಿ ಅಗಲ.
ಆ ಒಂದು ಚುಕ್ಕಿ ನನ್ನ ಹಳೇ ಯಂತ್ರ ನುಂಗಿತ್ತು,
ಸಾಮೂಹಿಕ ಲಗ್ನದ ಕರಪತ್ರದಾಗ:
‘ದನಸಹಾಯ ಮಾಡಿದ ಮಹನೀಯರು’,
ಅದರ ಕೆಳಗ ನಲವತ್ತೊಂದು ಹೆಸರು.
ಕಿರಾಣಿ ಗುರುಶಾಂತಪ್ಪ ಮಾತ್ರ
ನಕ್ಕೋತ ಬಂದು ಕೇಳಿದ, ‘ನಂದು ಎತ್ತೋ ಎಮ್ಮಿಯೋ, ತಂಗಿ?’
ಉಳಿದ ನಲವತ್ತು ಮಂದಿ ನಗಲಿಲ್ಲ.
ಎರಡು ಸಾವಿರ ಪ್ರತಿ
ನನ್ನ ಖರ್ಚಿನಾಗ ಮತ್ತ ಹೊಡಿಸಿದೆ.

ತಗೊಂಡೆ, ಎಂಬತ್ತು ಲಕ್ಷದ್ದು. ಹನ್ನೆರಡು ಕಂತು.
ರೈಲಿನ್ಯಾಗ ತೊಡಿ ಮ್ಯಾಲ ಇಟಗೊಂಡು ತಗದ್ರ
ಒತ್ತು ಒತ್ತಿನಂಗ ಕುಂತೈತಿ,
ಅರ್ಕಾವತ್ತಿನ ಬಾಲ ಸುದ್ಧಾ
ಈಗ ಕತ್ತರಿಸಿದ ಉಗುರಿನಂಗ.
ಅಣ್ಣಿಗೇರಿ ದಾಟೂದ್ರಾಗ ಬ್ಯಾಟರಿ ಮಲಗಿತು.
ತೌಫೀಕ ಸುಳ್ಳ ಹೇಳಿರಲಿಲ್ಲ.

ಮರುದಿನ ಫಕ್ಕೀರಪ್ಪ ಕಾಕಾಗ ತೋರಿಸಿದೆ.
ಸೀಸದ ಮೊಳಿ ಜೋಡಿಸಿ ಜೋಡಿಸಿ ಬೆರಳತುದಿ ಕರ್ರಗಾದ ಮನಷ್ಯಾ,
ಉಲ್ಟಾ ಅಕ್ಷರ ಉಲ್ಟಾನ ಓದಾವ,
ಕರೆಂಟ ಹೋದ್ರ ಸವರಿ ಓದಾವ.
ಚಷ್ಮಾ ಏರಿಸಿ, ಇಳಿಸಿ, ಬಾಳೊತ್ತು ನೋಡಿದ.
‘ಛಲೋ ಐತಿ,’ ಅಂದ. ‘ಅಕ್ಷರ ಚಂದ ಕಾಣತಾವ.
ತಪ್ಪೂ ಅಷ್ಟ ಚಂದ ಕಾಣತಾವ, ನೋಡಿಕೋ.’
ಚಹಾ ಮುಗಿಸಿ ಮತ್ತ ಅಂದ:
‘ಕಡೀಕ ಇದು ಬೀಳೂದು ಎಂಥಾ ಕಾಗದದ ಮ್ಯಾಲ?
ಶಾಯಿ ಕುಡದು ಉಬ್ಬೂ ಕಾಗದ.
ಅಲ್ಲಿ ನಿನ್ನ ಎಂಬತ್ತು ಲಕ್ಷ ಲೆಕ್ಕಕ್ಕ ಬರಂಗಿಲ್ಲ.’
ಅದೂ ಖರೇ. ಕಂತೂ ಖರೇ.

ರಾತ್ರಿ ಸುಮ್ನ ಹಳೇ ಲಗ್ನಪತ್ರಿಕಾ ತಗದು ನೋಡಕೋತ ಕುಂತೆ.
ಕಣ್ಣು ಉರೀಲಿಲ್ಲ, ಇಷ್ಟು ಹೇಳಬೇಕು,
ಹನ್ನೊಂದಾದ್ರೂ ಉರೀಲಿಲ್ಲ.
ಎಲ್ಲಾಕ್ಕಿಂತ ಕೆಳಗ, ಬಾರ್ಡರಿನ ಹೂವಿನ ಮಗ್ಗಲ,
ರವಾ ಚೆಲ್ಲಿದಂಥಾ ಒಂದು ಸಾಲು ನಂದು:
‘ಅಕ್ಷರ ಜೋಡಣೆ: ರುದ್ರವ್ವ ಹಡಗಲಿ, ಗದಗ.’
ಹಂಗಂತ ತಿಳಿದಿದ್ದೆ.
ಎರಡು ಪಟ್ಟು ಮಾಡಿದೆ. ನಾಕು ಪಟ್ಟು.
ಕ್ಷ ಇರೂ ಜಾಗದಾಗ ಕ್ಕ.
ಅಕ್ಕರ ಜೋಡಣೆ.
ಒಂದರಾಗಲ್ಲ, ಹನ್ನೊಂದು ವರ್ಷದ ಎಲ್ಲಾ ಪತ್ರಿಕಾದಾಗ,
ಅದ ಸಾಲು ನಕಲು ಮಾಡಿ ಅಂಟಿಸಿಕೋತ ಬಂದದ್ದು.
ಎಷ್ಟ ಮನಿ ಟ್ರಂಕಿನ ತಳದಾಗ ಐತೋ,
ಹಂಗ ಲಗ್ನಾದವರ ಮಕ್ಕಳು ಸಾಲಿಗೆ ಹೊಂಟಾವ.

ತಿದ್ದಾಕ ಕರ್ಸರ್ ಅಲ್ಲೇ ಇಟ್ಟೆ.
ಹಳೇ ಮಾತಿನಾಗ ಅಕ್ಕರ ಅಂದ್ರ ಅಕ್ಷರಾನ,
ಕಾಕಾ ಒಮ್ಮೆ ಹೇಳಿದ್ದ.
ಅಕ್ಕರೆ ಅಂದ್ರ ಬ್ಯಾರೆ.
ಆ ಕ್ಕ ಎಷ್ಟ ತಿಳಿಯಾಗಿ ಕಾಣತಿತ್ತಂದ್ರ
ತಪ್ಪು ಅಂತ ಅನಸಲೇ ಇಲ್ಲ.
ಅಷ್ಟರಾಗ ಮೂಲ್ಯಾಗ ಕೆಂಪು ಹತ್ತಿತು,
ಬ್ಯಾಟರಿ ನೂರಕ್ಕ ಹತ್ತು.
ಎದ್ದು ವಾಯರ್ ಹುಡುಕಿದೆ.